ಫಿನ್ನಿಶ್‌ನಲ್ಲಿ ಸಿಟ್ಟು, ಕಿರಿಕಿರಿ, ಬೇಜಾರು: ಯಾವುದಕ್ಕೆ ಯಾವ ಪದ?

ಮೂರನೇ ಟ್ರಾಮು ಕೇಳಿದ್ದು:

ನಮಸ್ಕಾರ. ನಾನಿರೋದು ಫಿನ್‌ಲ್ಯಾಂಡಿನ ತಾಂಪೆರೆ ನಗರದ ಹೆರ್ವಂತಾ ಬಡಾವಣೆಯಲ್ಲಿ, ಕೆಲಸ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ. ಇಲ್ಲಿ ಇದು ನನ್ನ ಎರಡನೇ ಚಳಿಗಾಲ. ಭಾಷೆ ಹೇಗೋ ನಡೀತಿದೆ. ಊಟ, ಔಷಧಿ, ಸ್ನಾನ, ರಕ್ತದೊತ್ತಡ, ನಾಳೆ ಯಾರ ಪಾಳಿ, ಇಷ್ಟಕ್ಕೆಲ್ಲ ಬಾಯಿ ತಡವರಿಸಲ್ಲ. ಆದರೆ ಸಿಟ್ಟಿನ ವಿಷಯಕ್ಕೆ ಬಂದರೆ ನನ್ನ ಜೋಳಿಗೆಯಲ್ಲಿರೋದು ಒಂದೇ ಪದ, ‘ವಿಹಯ್ನೆನ್’. ಟ್ರಾಮು ತಪ್ಪಿತು, ನಾನು ವಿಹಯ್ನೆನ್. ಮಳೆಯೂ ಅಲ್ಲದ ಹಿಮವೂ ಅಲ್ಲದ ‘ರ‍್ಯಾಂತ್ಯಾ’ ಬಿದ್ದು ಸಾಕ್ಸ್ ಒದ್ದೆಯಾಯ್ತು, ಆಗಲೂ ವಿಹಯ್ನೆನ್. ಮೊನ್ನೆ ಕಾಫಿ ಕೋಣೆಯಲ್ಲಿ ಹೀಗೇ ಅಂದೆ. ಎದುರಿಗಿದ್ದವರು ಕಪ್ಪು ಕೆಳಗಿಟ್ಟು ಗಾಬರಿಯಿಂದ “ಕೆನೆಲ್ಲೆ?” ಅಂದರು. ಅಂದರೆ, ಯಾರ ಮೇಲೆ? ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ ಕಣ್ರೀ, ಸಾಕ್ಸ್ ಒದ್ದೆಯಾಗಿತ್ತು ಅಷ್ಟೇ.

ಇದಕ್ಕಿಂತ ದೊಡ್ಡ ಎಡವಟ್ಟು ಹೋದ ವಾರ ಆಯ್ತು. ಪಾಳಿ ಮುಗಿಸುವ ಮುಂಚೆ ಪ್ರತಿಯೊಬ್ಬರ ಬಗ್ಗೆ ನಾಲ್ಕು ಸಾಲು ದಾಖಲೆ ಬರೀಬೇಕು. ನಮ್ಮಲ್ಲೊಬ್ಬರು ಅಜ್ಜಿ ಇದ್ದಾರೆ. ಅವತ್ತು ಬೆಳಿಗ್ಗೆಯಿಂದ ಕನ್ನಡಕ ಸಿಗದೆ ಸಿಡಿಮಿಡಿ ಅಂತಿದ್ದರು. ಅಜ್ಜಿಗೆ ಕಿರಿಕಿರಿಯಾಗಿತ್ತು ಅಂತ ಬರೆಯೋಕೆ ಹೋಗಿ ನಾನು ‘ಆ್ಯರ್ಸುತ್ತ್ಯಾವ್ಯಾ’ ಅಂತ ಬರೆದೆ. ಮಾರನೇ ದಿನ ಜೊತೆಯವಳು ಮೆಲ್ಲಗೆ ಪಕ್ಕಕ್ಕೆ ಕರೆದು, “ನೀನು ಬರೆದಿರೋದಕ್ಕೆ ‘ಈ ಅಜ್ಜಿ ತುಂಬಾ ಕಿರಿಕಿರಿ ಮಾಡುವವರು’ ಅಂತ ಅರ್ಥ” ಅಂದಳು. ಅಜ್ಜಿಯ ಮಗಳು ಕೇಳಿದರೆ ಆ ದಾಖಲೆ ಅವರ ಕೈಗೂ ಹೋಗಬಹುದು! ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

ಮೂರನೆಯದು ನಮ್ಮ ಕಟ್ಟಡದ ಪೆಸುತುಪ, ಅಂದರೆ ಎಲ್ಲರೂ ಹಂಚಿಕೊಂಡು ಬಟ್ಟೆ ಒಗೆಯುವ ಕೋಣೆಯ ತಲೆನೋವು. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಗುರುವಾರ ಸಂಜೆ 6ರಿಂದ 8 ನನ್ನದು ಅಂತ ಬರೆದಿದ್ದೆ. ಬುಟ್ಟಿ ಹೊತ್ತು ಹೋದರೆ ಒಳಗೆ ಯಾರದೋ ಬಟ್ಟೆ ಗಿರಗಿರ ತಿರುಗುತ್ತಿದೆ. ಇದು ಎರಡನೇ ಸಲ. ಒಂದು ಚೀಟಿ ಅಂಟಿಸಬೇಕು ಅಂತಿದ್ದೀನಿ. ಪಕ್ಕದ ಮನೆಯ ಹುಡುಗ, ಇಲ್ಲಿನ ವಿದ್ಯಾರ್ಥಿ, “ವಿತುತ್ತಾ ಅಂತ ಬರೀರಿ, ಎಲ್ಲರಿಗೂ ಅರ್ಥ ಆಗುತ್ತೆ” ಅಂತ ನಗ್ತಾ ಹೇಳಿದ. ಆ ನಗು ನೋಡಿ ಅನುಮಾನ ಬಂತು, ಬರೀಲಿಲ್ಲ.

ಪದಪಟ್ಟಿ ನನ್ನ ಹತ್ತಿರವೂ ಇದೆ. ಅದರಲ್ಲಿ ಹದಿನೈದು ಪದಕ್ಕೂ ‘ಸಿಟ್ಟು’ ಅಂತಲೇ ಅರ್ಥ ಕೊಟ್ಟಿದ್ದಾರೆ. ನನಗೆ ಬೇಕಾಗಿರೋದು ಯಾವ ಪದ ಎಷ್ಟು ಖಾರ, ಯಾರ ಮುಂದೆ ಆಡಬಹುದು ಅನ್ನೋದು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

(ಫಿನ್ನಿಶ್ ಪದಗಳನ್ನು ಕನ್ನಡದಲ್ಲೇ ಬರೆದಿದ್ದೀನಿ. ತಲೆ ಮೇಲೆ ಎರಡು ಚುಕ್ಕೆ ಇರುವ ‘ಆ’ಗೆ ‘ಬ್ಯಾಂಕ್’ನ ಸ್ವರ ಹಾಕಿದ್ದೀನಿ. ತುಟಿ ಚೂಪು ಮಾಡಿ ‘ಇ’ ಅಂದಾಗ ಬರುವ ಸ್ವರಕ್ಕೆ ಸುಮ್ಮನೆ ‘ಉ’ ಅಂತಲೇ ಬರೆದಿದ್ದೀನಿ. ಉಚ್ಚಾರಣೆಯ ಪೊಲೀಸರು ಕ್ಷಮಿಸಬೇಕು.)


ಔಲು ಸೈಕಲ್ ಉತ್ತರಿಸಿದ್ದು:

ತಂಗೀ, ನಾನು ಔಲುಗೆ ಬಂದು ಹನ್ನೊಂದು ವರ್ಷ ಆಯ್ತು. ನೀನು ಮಾಡಿದ ಮೂರೂ ಎಡವಟ್ಟನ್ನ ನಾನೂ ಮಾಡಿದ್ದೀನಿ. ಪೆಸುತುಪದ್ದಂತೂ ಎರಡು ಸಲ.

ಮೊದಲು ಅಜ್ಜಿಯ ವಿಷಯ. ಇದನ್ನ ಇಂಗ್ಲಿಷ್ ಮೂಲಕ ಕಲಿಯೋಕೆ ಹೋದರೆ ತಲೆ ಕೆಡುತ್ತೆ, ಕನ್ನಡದ ದಾರಿ ಹಿಡಿದರೆ ಎರಡು ನಿಮಿಷದ ಕೆಲಸ. ‘ಕೆರಳಿಸುವ’ ಬೇರೆ, ‘ಕೆರಳಿದ’ ಬೇರೆ, ಅಲ್ವಾ? ಫಿನ್ನಿಶ್‌ನಲ್ಲೂ ಹಾಗೇ. ಕೊನೆಯಲ್ಲಿ ‘ವ’ ಅಥವಾ ‘ವ್ಯಾ’ ಬಂದರೆ ನಮ್ಮ ‘-ಉವ’. ‘ನುತ್’ ಬಂದರೆ ನಮ್ಮ ‘-ಇದ’. ಆ್ಯರ್ಸುತ್ತ್ಯಾವ್ಯಾ ಅಂದರೆ ಕೆರಳಿಸುವ, ಆ್ಯರ್ತುನುತ್ ಅಂದರೆ ಕೆರಳಿದ. ವ್ಯಾಸುತ್ತ್ಯಾವ್ಯಾ ಅಂದರೆ ದಣಿಸುವ, ವ್ಯಾಸುನುತ್ ಅಂದರೆ ದಣಿದ. ನೋಡು, ‘ವ’ಗೆ ‘ವ’ನೇ ಕೂತಿದೆ. ಎರಡು ಭಾಷೆಗೂ ಸಂಬಂಧ ಇಲ್ಲ, ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳೋಕೆ ಬಿಟ್ಟಿ ಸಹಾಯ. ಇನ್ನು ಮುಂದೆ ದಾಖಲೆಯಲ್ಲಿ ‘ಆ್ಯರ್ತುನುತ್’ ಅಂತ ಬರಿ. ಅದು ಆಸ್ಪತ್ರೆ, ಆರೈಕೆ ಮನೆಗಳಲ್ಲಿ ಬರೆಯುವ ತಣ್ಣಗಿನ ಪದ. ಯಾರ ಮೇಲೂ ತಪ್ಪು ಹೊರಿಸಲ್ಲ. ದಿನಾ ಹಾಗೇ ಇರುವ ಸ್ವಭಾವದವರಾದರೆ ‘ಆ್ಯರ್ತುಇಸ್ಯಾ’, ಅಂದರೆ ಸಿಡುಕಿನವರು. ಈ ಎರಡನೆಯದನ್ನ ಯೋಚನೆ ಮಾಡಿ ಬರಿ.

ಈಗ ಸಾಕ್ಸ್‌ಗೆ ಬರೋಣ. ವಿಹಯ್ನೆನ್ ಅಂದರೆ ಒಬ್ಬರ ಮೇಲೆ ಸಿಟ್ಟಾಗಿರೋದು. ಅದಕ್ಕೇ ಅವರು “ಯಾರ ಮೇಲೆ” ಅಂತ ಕೇಳಿದ್ದು. ಯಾರೂ ಇಲ್ಲದ ಕಿರಿಕಿರಿಗೆ ಫಿನ್ನಿಶ್‌ನಲ್ಲಿ ಬೇರೆಯೇ ಅಚ್ಚು ಇದೆ. ಆ ಅಚ್ಚು ನಮ್ಮ ಮನೆಯದೇ. ‘ನನಗೆ ನಗು ಬರ್ತಿದೆ, ನನಗೆ ಅಳು ಬರ್ತಿದೆ’ ಅಂತೀವಿ. ನಾನು ಏನೂ ಮಾಡ್ತಿಲ್ಲ, ಅದು ಎಲ್ಲಿಂದಲೋ ಬಂದು ನನ್ನ ಮೇಲೆ ಕೂರುತ್ತೆ. ಅವರೂ ಹಾಗೇ ಹೇಳ್ತಾರೆ. ನೌರಾ ಅಂದರೆ ನಗು, ನೌರತ್ತಾ ಅಂದರೆ ನಗಿಸು. ‘ಮಿನುಅ ನೌರತ್ತಾ’ ಅಂದರೆ ಪದಕ್ಕೆ ಪದ ‘ನನ್ನನ್ನ ನಗಿಸುತ್ತೆ’. ಯಾರು ನಗಿಸ್ತಾರೆ? ಯಾರೂ ಇಲ್ಲ, ವಾಕ್ಯದಲ್ಲಿ ಕರ್ತೃವೇ ಇಲ್ಲ. ಇತ್ಕೆತ್ತ್ಯಾ ಅಂದರೆ ಅಳು ಬರೋದು, ಪೆಲೊತ್ತಾ ಹೆದರಿಕೆಯಾಗೋದು, ಹ್ಯಾವೆತ್ತ್ಯಾ ನಾಚಿಕೆಯಾಗೋದು, ಲಾಯ್ಸ್ಕೊತ್ತಾ ಸೋಮಾರಿತನ ಹತ್ತೋದು. ಈ ಸಾಲಿನಲ್ಲೇ ಕೂರುತ್ತೆ ‘ಮಿನುಅ ಆ್ಯರ್ಸುತ್ತ್ಯಾ’, ನನಗೆ ಕಿರಿಕಿರಿಯಾಗ್ತಿದೆ. ನನಗೆ, ನಿನಗೆ, ಅವಳಿಗೆ, ನಮಗೆ, ಯಾರಿಗಾದರೂ ಕ್ರಿಯಾಪದ ಬದಲಾಗಲ್ಲ. ‘ನನಗೆ ಸಿಟ್ಟು ಬರುತ್ತೆ, ಅವರಿಗೆ ಸಿಟ್ಟು ಬರುತ್ತೆ’ ಅನ್ನುವಾಗ ನಮ್ಮ ‘ಬರುತ್ತೆ’ ಅಲ್ಲಾಡದೆ ನಿಲ್ಲಲ್ವಾ, ಹಾಗೆ.

ಕನ್ನಡದವರು ಜಾರೋ ಜಾಗ ಒಂದಿದೆ. ನಮ್ಮ ‘ನನಗೆ’ ನಾಲಿಗೆ ತುದಿಯಲ್ಲೇ ಇರೋದರಿಂದ ‘ಮಿನುಲ್ಲೆ ಆ್ಯರ್ಸುತ್ತ್ಯಾ’ ಅಂದುಬಿಡ್ತೀವಿ. ನಾನು ಒಂದು ವರ್ಷ ಹಾಗೇ ಅಂದಿದ್ದೀನಿ. ತಪ್ಪು. ಇಲ್ಲಿ ‘ನನ್ನನ್ನ’ ಬೇಕು, ಅಂದರೆ ಮಿನುಅ. ಮಾತಿನಲ್ಲಿ ಅದು ಸವೆದು ‘ಮುಅ’ ಆಗುತ್ತೆ. ‘ಲ್ಲೆ’ ಬೇಕಾಗೋದು ಒಬ್ಬರ ಮೇಲೆ ಸಿಟ್ಟಾದಾಗ. ‘ಸೂತುಇನ್ ಸಿನುಲ್ಲೆ’, ನಿನ್ನ ಮೇಲೆ ಸಿಟ್ಟಾದೆ. ‘ಲ್ಲೆ’ ಅಂದರೆ ‘ಮೇಲೆ’ ಅಂತ ಪ್ರಾಸದಲ್ಲೇ ನೆನಪಿಟ್ಟುಕೋ. ಮೇಜಿನ ಮೇಲಕ್ಕೆ ಇಡು ಅನ್ನೋಕೂ ಅದೇ ‘ಲ್ಲೆ’. ಏತಕ್ಕೆ ಸಿಟ್ಟು ಅಂದರೆ ‘ಸ್ತ’, ‘ಅದು’ ಅನ್ನೋದಕ್ಕೆ ಮಾತ್ರ ಬರೀ ‘ತ್ಯಾ’. ‘ಸೂತುಇನ್ ಸೀತ್ಯಾ’, ಅದರಿಂದ ಸಿಟ್ಟಾದೆ. ನಾವೂ ‘ಅದರಿಂದ’ ಅಂತೀವಿ.

ಖಾರದ ಲೆಕ್ಕಕ್ಕೆ ನನ್ನ ಸೈಕಲ್ಲೇ ಸಾಕು. ಔಲುನಲ್ಲಿ ಜನ ಹಿಮದಲ್ಲೂ ಸೈಕಲ್ ತುಳೀತಾರೆ, ನಾನೂ ತುಳೀತೀನಿ. ಹೊಸ ಕೈಗವಸು ಒಂದು ದಾರೀಲಿ ಬಿದ್ದುಹೋಯ್ತು: ಹರ್ಮಿತ್ತಾ. ಇದರಲ್ಲಿ ಸಿಟ್ಟು ಕಡಿಮೆ, ‘ಛೇ, ಹಾಳಾದ್ದು’ ಜಾಸ್ತಿ. ಹೀಗಾಗಬಾರದಿತ್ತು ಅನ್ನೋ ಕೊರಗು. ಪಾದ್ರಿ ಮುಂದೆ, ಮೇಲಧಿಕಾರಿ ಮುಂದೆ, ನಿನ್ನ ಅಜ್ಜಿ ಮುಂದೆ, ಎಲ್ಲಿ ಬೇಕಾದರೂ ಆಡು. ಇನ್ನೊಬ್ಬರ ಕೈಗವಸು ಕಳೆದರೆ “ವೊಯ್ ಹರ್ಮಿ!” ಅನ್ನು, ‘ಅಯ್ಯೋ ಪಾಪ’ ಅಂದ ಹಾಗೆ. ಬೀಗ ಹೆಪ್ಪುಗಟ್ಟಿ ಕೀಲಿ ತಿರುಗ್ತಿಲ್ಲ, ಬೆರಳು ಮರಗಟ್ಟಿದೆ: ಆ್ಯರ್ಸುತ್ತ್ಯಾ. ಜೊತೆಯವರ ಮುಂದೆ ಧಾರಾಳವಾಗಿ ಆಡಬಹುದು. ಇದೇ ಬೀಗದ್ದು ಈ ವಾರ ನಾಲ್ಕನೇ ಸಲ: ತುಂಪೀ, ರೋಸಿಹೋಗಿದೆ. ಯಾರೋ ಬೇಕಂತಲೇ ನನ್ನ ಸೈಕಲ್ ಹಿಮದ ರಾಶಿಗೆ ತಳ್ಳಿದ್ದಾರೆ: ಸೂತುತ್ತಾ, ಇದು ನಿಜವಾದ ಸಿಟ್ಟು. ಸೀಟೇ ಕಿತ್ತುಕೊಂಡು ಹೋಗಿದ್ದಾರೆ: ರಾಯ್ವೊಸ್ತುತ್ತಾ. ಅಷ್ಟು ಹೊತ್ತಿಗೆ ಪದ ಹುಡುಕೋ ತಾಳ್ಮೆ ಇರಲ್ಲ ಬಿಡು.

ಪಕ್ಕದ ಮನೆ ಹುಡುಗ ಹೇಳಿದ ವಿತುತ್ತಾ ಬಗ್ಗೆ. ಅರ್ಥ ಆಗೋದಂತೂ ಹೌದು. ಟ್ರಾಮಿನಲ್ಲಿ, ಕಟ್ಟಡ ಕೆಲಸದಲ್ಲಿ, ಹರೆಯದ ಹುಡುಗರ ಬಾಯಲ್ಲಿ ದಿನಾ ಕೇಳ್ತೀಯ. ಹಾಗಂತ ಅದು ಸಾದಾ ಪದ ಅಂದುಕೊಳ್ಳಬೇಡ, ಹೆಣ್ಣಿನ ಅಂಗದ ಹೆಸರಿನ ಬೈಗುಳದಿಂದ ಹುಟ್ಟಿದ್ದು. ವ್ಯಾಕರಣ ಮಾತ್ರ ಅದೇ ಮರ್ಯಾದಸ್ಥ ಅಚ್ಚು, ‘ಮುಅ ವಿತುತ್ತಾ’. ಕೇಳಿದಾಗ ಗುರುತು ಹಿಡಿ, ನೀನು ಆಡಬೇಡ. ಅವರ ಬಾಯಲ್ಲಿ ಅದು ಸವೆದ ನಾಣ್ಯ, ನಮ್ಮ ಬಾಯಲ್ಲಿ ಠಣ್ ಅಂತ ಸದ್ದು ಮಾಡುತ್ತೆ. ಸಭ್ಯರು ಅದನ್ನೇ ತಿರುಚಿ ‘ಕೆತುತ್ತಾ’ ಅಂತಾರೆ. ಕೆತ್ತು ಅಂದರೆ ನರಿ, ಬೈಗುಳಕ್ಕೆ ನರಿ ವೇಷ ಹಾಕಿದ್ದಾರೆ. ಅದೂ ಬೇಡ ಅಂದರೆ ‘ಮುಅ ಒತ್ತಾ ಪ್ಯಾಹ್ಯಾನ್’. ಪ್ಯಾ ಅಂದರೆ ತಲೆ. ನಮ್ಮ ‘ತಲೆ ಕೆಟ್ಟುಹೋಗ್ತಿದೆ’ಯಷ್ಟೇ ಖಾರ, ಯಾರೂ ಹುಬ್ಬು ಏರಿಸಲ್ಲ.

ಯಾವ ಪದ ಎಷ್ಟು ಒರಟು ಅಂತ ನೀನೇ ನೋಡಬೇಕಾದರೆ, ದೇಶಭಾಷೆಗಳ ಸಂಸ್ಥೆ ಕೊತುಸ್‌ನವರ ‘ಕಿಯೆಲಿತೊಯ್ಮಿಸ್ತೊನ್ ಸನಕಿರ್ಯ’ ಅಂತ ನಿಘಂಟು ಇದೆ, ಜಾಲದಲ್ಲಿ ಪುಕ್ಕಟೆ. ಪದದ ಪಕ್ಕ ‘ಅರ್ಕ್.’ ಅಂತಿದ್ದರೆ ಆಡುಮಾತು, ‘ಅಲತ್.’ ಅಂತಿದ್ದರೆ ಕೀಳುಮಾತು. ನಾನು ಹೊಸ ಪದ ಕಲಿತರೆ ಅರ್ಥಕ್ಕಿಂತ ಮುಂಚೆ ಆ ಗುರುತು ನೋಡ್ತೀನಿ.

ಚೀಟಿ ವಿಷಯ ಆಮೇಲೆ ಬರೀತೀನಿ, ಒಲೆ ಮೇಲೆ ಇಟ್ಟಿದ್ದು ಉಕ್ಕುತ್ತಿದೆ.


ಎರಡು ಮಕ್ಕಳ ಅಪ್ಪ ಉತ್ತರಿಸಿದ್ದು:

ಔಲು ಅಕ್ಕ ಬಿಟ್ಟಿರೋ ಒಂದು ಪದ ನಾನು ಸೇರಿಸ್ತೀನಿ, ಯಾಕಂದರೆ ಅದರಿಂದ ನಾನು ಸರಿಯಾಗಿ ಬೇಸ್ತು ಬಿದ್ದಿದ್ದೀನಿ. ಒಂದು ಸಂಜೆ ಮಗನ್ನ ಕರ್ಕೊಂಡು ಬರೋಕೆ ಶಿಶುವಿಹಾರಕ್ಕೆ ಹೋದಾಗ ಟೀಚರ್ “ಪೊಯ್ಕ ವ್ಯಾಹ್ಯಾನ್ ಹೆರ್ಮೊಸ್ತುಇ” ಅಂದರು. ಹೆರ್ಮೊ ಅಂದರೆ ನರ ಅಂತ ಗೊತ್ತಿತ್ತು. ಹೆರ್ಮೊಸ್ತುನುತ್ ಅಂದರೆ ಒಳಗೊಳಗೇ ಅಳುಕು, ಪರೀಕ್ಷೆಗೆ ಮುಂಚೆ ಇರುತ್ತಲ್ಲ, ಅದು ಅಂತಲೂ ಗೊತ್ತಿತ್ತು. ಪಾಪ, ಮಗು ಹೆದರಿಕೊಂಡಿದೆ ಅಂತ ಎತ್ತಿಕೊಂಡೆ, ದಾರಿಯುದ್ದಕ್ಕೂ ಸಮಾಧಾನ ಮಾಡಿದೆ, ಅವನು ಕೇಳಿದ್ದೆಲ್ಲ ಕೊಡಿಸಿದೆ. ಮನೆಯಲ್ಲಿ ಹೆಂಡತಿ, ಅವಳ ಫಿನ್ನಿಶ್ ನನಗಿಂತ ಮುಂದು, ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು. ಹೆರ್ಮೊಸ್ತುಅ ಅಂದರೆ ತಾಳ್ಮೆ ಕಳ್ಕೊಂಡು ರೇಗೋದು. ನಮ್ಮ ಮಗರಾಯ ಇನ್ನೊಂದು ಮಗುವಿನ ಮೇಲೆ ಮರದ ರೈಲು ಎಸೆದಿದ್ದ.

ಮಕ್ಕಳಿರೋರಿಗೆ ಇನ್ನೆರಡು. ರಚ್ಚೆ ಹಿಡಿಯೋದಕ್ಕೆ ‘ಕಿಉಕುತೆಲ್ಲ’. ಹೊಟ್ಟೆ ಹಸಿದು ಸಿಡುಕೋದಕ್ಕೆ ‘ನ್ಯಾಲ್ಕ್ಯಾಕಿಉಕ್ಕು’, ನ್ಯಾಲ್ಕ್ಯಾ ಅಂದರೆ ಹಸಿವು, ಕಿಉಕ್ಕು ಅಂದರೆ ಸಿಡುಕು. ಇದು ದೊಡ್ಡವರಿಗೂ ಬರುತ್ತೆ. ಆಫೀಸಿನಲ್ಲಿ ಹನ್ನೊಂದೂವರೆ ಮೀಟಿಂಗ್ ಉದ್ದವಾದಾಗ ಯಾರಾದರೂ ಈ ಪದ ತೆಗೀತಾರೆ, ಎಲ್ಲರೂ ನಕ್ಕು ಏಳ್ತಾರೆ.

ಮುಖ ಊದಿಸಿಕೊಂಡು ಕೂರೋದಕ್ಕೆ ‘ಮೊಕೊತ್ತ್ಯಾ’. ಮೊಕ ಊದಿಸ್ಕೊಂಡಿದ್ದಾನೆ ಅಂತ ಆಡುಮಾತಲ್ಲಿ ಹೇಳ್ತೀವಲ್ಲ, ಅದೇ ಮೊಕ ಅಂತ ನೆನಪಿಟ್ಟುಕೊಂಡಿದ್ದೀನಿ. ನಾವು ಚಿಕ್ಕವರಿದ್ದಾಗ ‘ಟೂ’ ಬಿಡ್ತಿದ್ದೆವಲ್ಲ, ಮಾತೇ ಇಲ್ಲ, ಅದಕ್ಕೆ ಇವರು ‘ಮುಕ್ಕ್ಯಾಕೊಉಲು’ ಅಂತಾರೆ. ಮುಕ್ಕ್ಯಾ ಅಂದರೆ ಮೂಕ, ಕೊಉಲು ಅಂದರೆ ಶಾಲೆ. ಮೂಕಶಾಲೆ! ಗಂಡ ಹೆಂಡತಿ ನಡುವೆಯೂ ಈ ಶಾಲೆ ನಡೆಯುತ್ತೆ, ಹಾಜರಾತಿ ಕಡ್ಡಾಯ.


ಪದಬೇಟೆ ಉತ್ತರಿಸಿದ್ದು:

ಪ್ರಶ್ನೆಗೆ ಇದು ನೇರ ಉತ್ತರವಲ್ಲ, ಆದರೂ ಹೇಳದೆ ಇರಲಾರೆ. ನೀವು ಎಲ್ಲದಕ್ಕೂ ಬಳಸಿ ಸವೆಸಿದ ವಿಹಯ್ನೆನ್ ಇದೆಯಲ್ಲ, ಅದರ ಬೇರು ‘ವಿಹ’: ಸಿಟ್ಟು, ದ್ವೇಷ. ಈ ವಿಹ ನಮ್ಮ ‘ವಿಷ’ವೇ! ಸಾವಿರಾರು ವರ್ಷಗಳ ಹಿಂದೆ ಫಿನ್ನಿಶ್‌ನ ಪೂರ್ವಜ ಭಾಷೆಯನ್ನಾಡುತ್ತಿದ್ದವರು ಇಂಡೋ-ಇರಾನಿಯನ್ ಭಾಷಿಕರ ನೆರೆಯಲ್ಲಿದ್ದಾಗ ಎರವಲು ಪಡೆದ ಪದ. ಸಂಸ್ಕೃತದಲ್ಲಿ ಅದು ವಿಷವಾಗಿ ಉಳಿದು ಕನ್ನಡಕ್ಕೆ ಬಂತು, ಅಲ್ಲಿ ಮನಸ್ಸಿನೊಳಗಿನ ವಿಷವಾಗಿ ಸಿಟ್ಟಾಯಿತು. ಹಸಿರು ಬಣ್ಣಕ್ಕೆ ಅವರು ಹೇಳುವ ‘ವಿಹ್ರೆಆ್ಯ’ ಕೂಡ ಇದೇ ಬೇರಿನದು. ಒಂದೇ ಒಂದು ಪದ ಹೀಗೆ ಅಲೆದುಕೊಂಡು ಹೋಗಿದ್ದಲ್ಲ, ಅವರ ನೂರು ‘ಸತ’, ನಮ್ಮ ಶತ. ಅವರ ಸುತ್ತಿಗೆ ‘ವಸರ’, ಇಂದ್ರನ ಕೈಯ ವಜ್ರ.

ಇದನ್ನು ತಿಳಿದ ಮೇಲೆ ನನಗೆ ಒದ್ದೆ ಸಾಕ್ಸ್‌ಗೆ ವಿಹಯ್ನೆನ್ ಅನ್ನುವುದಕ್ಕೆ ಬಾಯೇ ಬರುವುದಿಲ್ಲ. ಅಷ್ಟು ಸಣ್ಣದಕ್ಕೆ ವಿಷ ಕಾರುವುದೇ?

ನುಡಿಗಟ್ಟು ಒಂದೆರಡು ಬೇಕಿದ್ದರೆ ಇಟ್ಟುಕೊಳ್ಳಿ. ಸಣ್ಣ ಮಾತಿಗೆ ಮುನಿಸಿಕೊಂಡವರನ್ನು ‘ವೆತಿ ಹೆರ್ನೇನ್ ನೆನ್ಯಾನ್’ ಅನ್ನುತ್ತಾರೆ, ಮೂಗಿಗೆ ಬಟಾಣಿ ಎಳೆದುಕೊಂಡ ಅಂತ. ನಮ್ಮವರಿಗೆ ಮೂಗಿನ ತುದಿಯಲ್ಲಿ ಸಿಟ್ಟು, ಅವರಿಗೆ ಮೂಗಿನೊಳಗೆ ಬಟಾಣಿ. ತಾಳ್ಮೆ ಪೂರ್ತಿ ಕೆಟ್ಟರೆ ‘ಕ್ಯಾಮಿತ್ ಪಲೊಯ್’, ಮೋಟಾರಿನೊಳಗೆ ಸುತ್ತಿರುವ ತಂತಿ ಸುಟ್ಟುಹೋಯಿತು. ಮೋಟಾರು ಸುಟ್ಟ ವಾಸನೆ ಗೊತ್ತಿರುವವರಿಗೆ ವಿವರಣೆ ಬೇಡ.


ಮೂರನೇ ಟ್ರಾಮು:

ಅಯ್ಯೋ, ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಇವತ್ತು ಸಂಜೆ ಪಾಳಿಯಲ್ಲಿ ಆಗಲೇ ಒಂದನ್ನ ಪ್ರಯೋಗ ಮಾಡಿದೆ. ಅದೇ ಅಜ್ಜಿಯ ಟೀವಿ ರಿಮೋಟು ಸಿಗ್ತಿರಲಿಲ್ಲ. “ಹರ್ಮಿತ್ತಾಕೊ?” ಅಂತ ಕೇಳಿದೆ, ಬೇಸರವಾಗ್ತಿದೆಯಾ ಅಂತ. ಅಜ್ಜಿ ನನ್ನ ಮುಖ ನೋಡಿ ದೊಡ್ಡದಾಗಿ “ಕುಲ್ಲ್ಯಾ ಹರ್ಮಿತ್ತಾ!” ಅಂದರು, ಆಗ್ದೆ ಇರುತ್ತಾ ಅನ್ನೋ ಹಾಗೆ. ಇಷ್ಟು ದಿನ ನಾನು “ನೀವು ಸಿಟ್ಟಾಗಿದ್ದೀರಾ?” ಅಂತಲೇ ಕೇಳ್ತಿದ್ದೆ. ಅವರು ಇಲ್ಲ ಅಂತ ಇನ್ನಷ್ಟು ಸಿಟ್ಟು ಮಾಡ್ಕೊಳ್ತಿದ್ದರು. ಈಗ ಅರ್ಥ ಆಯ್ತು. ರಿಮೋಟು ಅವರ ಮೊಣಕಾಲಿನ ಮೇಲಿದ್ದ ಹೊದಿಕೆಯ ಮಡಿಕೆಯಲ್ಲೇ ಇತ್ತು.

ಒಂದು ಅನುಮಾನ ಉಳೀತು. ನಮ್ಮ ‘ಬೇಜಾರು’ ಅನ್ನೋದಕ್ಕೆ ಏನಂತಾರೆ? ನಾನು ದಿನಕ್ಕೆ ಅತೀ ಹೆಚ್ಚು ಆಡೋ ಪದ ಅದೇ.


ಔಲು ಸೈಕಲ್:

ಅದೊಂದು ಸಿಗಲ್ಲ, ಆಸೆ ಬಿಡು. ನಮ್ಮ ಬೇಜಾರು ಜೋಳಿಗೆ ಇದ್ದ ಹಾಗೆ, ಏನು ಹಾಕಿದರೂ ಹಿಡಿಯುತ್ತೆ. ಅವರು ಅದನ್ನ ಬಿಡಿಸಿ ಬೇರೆ ಬೇರೆ ಡಬ್ಬಿಗೆ ಹಾಕಿಟ್ಟಿದ್ದಾರೆ. ಹೊತ್ತು ಹೋಗದೆ ಬೇಜಾರು ಅಂದರೆ ತುಲ್ಸ್ಯಾ. ಮಾಡಿದ್ದನ್ನೇ ಮಾಡಿ ಬೇಜಾರು ಅಂದರೆ ಕುಲ್ಲ್ಯಾಸ್ತುತ್ತ್ಯಾ. ಎಷ್ಟು ಮಾಡಿದರೂ ಆಗ್ತಿಲ್ಲ ಅನ್ನೋ ಬೇಜಾರು ತುರ್ಹೌತ್ತಾ, ಅದರಲ್ಲಿರುವ ‘ತುರ್ಹ’ ಅಂದರೆ ವ್ಯರ್ಥ. ಊರಿನ ನೆನಪಾಗಿ ಬೇಜಾರು ಅಂದರೆ ಇಕ್ಯಾವ್ಯಾ. ಅವಳು ಹಾಗಂದಿದ್ದು ಬೇಜಾರಾಯ್ತು ಅಂದರೆ ಲೊಉಕ್ಕಾಂತುಅ, ಮನಸ್ಸಿಗೆ ನೋವಾಯ್ತು ಅಂತ. ಈ ಕೊನೆಯದನ್ನ ಹುಷಾರಾಗಿ ಆಡು, ಅಪಘಾತದಲ್ಲಿ ಗಾಯ ಆಯ್ತು ಅನ್ನೋಕೂ ಅದೇ ಪದ. ನಾನು ಒಂದು ಸಲ ಫೋನಿನಲ್ಲಿ ‘ಲೊಉಕ್ಕಾಂತುಇನ್’ ಅಂದಿದ್ದಕ್ಕೆ ಆ ಕಡೆಯವರು ಆಂಬುಲೆನ್ಸ್ ಬೇಕಾ ಅಂತ ಕೇಳಿದ್ದರು.

ಈಗ ಚೀಟಿ. ಇಲ್ಲಿನವರು ಚೀಟಿಯಲ್ಲಿ ಸಿಟ್ಟನ್ನ ಸಿಟ್ಟು ಅಂತ ಬರೆಯೋದು ಕಡಿಮೆ. ಅದಕ್ಕೆ ಒಂದು ಮಂತ್ರ ಇದೆ: ‘ಒಲಿಸಿ ಕಿವ, ಯೊಸ್...’, ಅಂದರೆ ‘ಹೀಗೆ ಮಾಡಿದ್ರೆ ಚೆನ್ನಾಗಿರುತ್ತಿತ್ತು’. ಓದೋಕೆ ಬೆಣ್ಣೆ, ಒಳಗೆ ಸೂಜಿ. ಮೆಟ್ಟಿಲ ಹತ್ತಿರ ಇದನ್ನ ಓದಿದ ಯಾರಿಗೂ ಬರೆದವರು ಎಷ್ಟು ಕುದೀತಿದ್ದಾರೆ ಅಂತ ಗೊತ್ತಾಗುತ್ತೆ. ನೀನು ಮೊದಲ ಸಾಲಿನಲ್ಲಿ ಗುರುವಾರ 6ಕ್ಕೆ ನನ್ನ ಸರದಿ ಇತ್ತು, ಯಂತ್ರ ಆಗಲೇ ಓಡ್ತಿತ್ತು ಅಂತ ಬರಿ, ಅಷ್ಟು ನಿನಗೆ ಬರುತ್ತೆ. ಆಮೇಲೆ ‘ವ್ಯಾಹ್ಯಾನ್ ಹರ್ಮಿತ್ತಿ’, ಸ್ವಲ್ಪ ಬೇಸರವಾಯ್ತು. ಆ ‘ಸ್ವಲ್ಪ’ ಬಿಡಬೇಡ, ಖಾರ ಇರೋದೇ ಅದರಲ್ಲಿ. ಕೊನೆಗೆ ‘ಒಲಿಸಿ ಕಿವ, ಯೊಸ್ ಕಾಯ್ಕ್ಕಿ ಕತ್ಸೊಯ್ಸಿವತ್ ಎನ್ಸಿನ್ ಲಿಸ್ತಾ’. ಎಲ್ಲರೂ ಮೊದಲು ಪಟ್ಟಿ ನೋಡಿದ್ರೆ ಚೆನ್ನಾಗಿರುತ್ತಿತ್ತು. ಆಶ್ಚರ್ಯಸೂಚಕ ಚಿಹ್ನೆ ಹಾಕಬೇಡ. ನಗುಮುಖ ಹಾಕಿದರೆ ಇನ್ನೂ ಉರಿಯುತ್ತೆ, ಬೇಕಿದ್ದರೆ ಹಾಕು.


ಎರಡು ಮಕ್ಕಳ ಅಪ್ಪ:

ಪೌರತ್ವಕ್ಕೆ ಭಾಷಾ ಪರೀಕ್ಷೆ ಕಟ್ಟೋರು ಇದ್ದರೆ ಒಂದು ಮಾತು. ಅದರಲ್ಲಿ ದೂರಿನ ಪತ್ರ ಬರೆಯೋ ಪ್ರಶ್ನೆ ಬಂದರೆ ಈ ಸೈಕಲ್ ಪದ ಯಾವುದೂ ಬೇಡ. ಅಲ್ಲಿ ‘ಒಲೆನ್ ತೂತುಮ್ಯಾತೊನ್’, ನನಗೆ ತೃಪ್ತಿಯಿಲ್ಲ, ಇಲ್ಲವೇ ‘ಒಲೆನ್ ಪೆತ್ತುನುತ್’, ನಿರಾಶೆಯಾಗಿದೆ. ಕೋಟು ಹಾಕಿಕೊಂಡ ಸಿಟ್ಟು. ನಾನು ಅಭ್ಯಾಸ ಪತ್ರದಲ್ಲಿ ‘ಆ್ಯರ್ಸುತ್ತ್ಯಾ’ ಅಂತ ಬರೆದು ಟೀಚರ್ ಹತ್ತಿರ ಕೆಂಪು ಗೆರೆ ಹಾಕಿಸಿಕೊಂಡಿದ್ದೀನಿ.


ಮೂರನೇ ಟ್ರಾಮು:

ವರದಿ ಒಪ್ಪಿಸ್ತಿದ್ದೀನಿ. ಸೋಮವಾರ ರಾತ್ರಿ ಚೀಟಿ ಅಂಟಿಸಿದೆ. ಅಕ್ಕ ಹೇಳಿದ ಹಾಗೇ, ಒಂದಕ್ಷರ ಬದಲಾಯಿಸದೆ, ನಗುಮುಖ ಇಲ್ಲದೆ. ಅಂಟಿಸಿ ಬಂದ ಮೇಲೆ ನಿದ್ದೆ ಬರಲಿಲ್ಲ, ಕಿತ್ತು ತಂದುಬಿಡಲಾ ಅಂತ ಎರಡು ಸಲ ಎದ್ದೆ.

ಇವತ್ತು ಕೆಲಸ ಮುಗಿಸಿ ಬಂದು ನೋಡಿದರೆ ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ, ವಯಸ್ಸಾದವರ ಕೈಬರಹ ಅನ್ನಿಸುತ್ತೆ, ಒಂದು ಸಾಲು: ‘ಅಂತೇಕ್ಸಿ. ಮಿನುಅ ಹ್ಯಾವೆತ್ತ್ಯಾ.’ ಕ್ಷಮಿಸಿ, ನನಗೆ ನಾಚಿಕೆಯಾಗ್ತಿದೆ. ಅಕ್ಕ, ಅದೇ ಅಚ್ಚು! ನಿಘಂಟು ತೆಗೀದೆ ಅರ್ಥ ಆಯ್ತು. ಎರಡು ವಾರದ ಸಿಟ್ಟು ಅಲ್ಲೇ ಇಳಿದುಹೋಯ್ತು, ಇನ್ನೊಂದು ಚೀಟಿ ಬರೆದು ಪರವಾಗಿಲ್ಲ ಅನ್ನಬೇಕು ಅನ್ನಿಸಿತು.

ಆದರೆ ಅದರ ಕೆಳಗೆ ಮೂರನೆಯವರು ಯಾರೋ ಬಂದು ಹೋಗಿದ್ದಾರೆ. ಅವರಿಗೆ ಪೆಸುತುಪದ ಜಗಳಕ್ಕೂ ಕ್ಷಮಾಪಣೆಗೂ ಸಂಬಂಧ ಇಲ್ಲ. ಕೆಂಪು ಪೆನ್ನಿನಲ್ಲಿ ನನ್ನ ‘ಲಿಸ್ತ’ದ ಮುಂದೆ ಒಂದು ‘ಅ’ ಸೇರಿಸಿ, ಅದಕ್ಕೆ ಅಚ್ಚುಕಟ್ಟಾಗಿ ವೃತ್ತ ಹಾಕಿದ್ದಾರೆ. ಅಕ್ಕ ಇಲ್ಲಿ ‘ಲಿಸ್ತಾ’ ಅಂತ ದೀರ್ಘ ಕೊಟ್ಟೇ ಬರೆದಿದ್ದರು. ಕನ್ನಡದಿಂದ ಅವರ ಅಕ್ಷರಕ್ಕೆ ಇಳಿಸಿಕೊಳ್ಳುವಾಗ ನಾನೇ ದೀರ್ಘ ನುಂಗಿದ್ದೀನಿ. ಒಂದನೇ ಕ್ಲಾಸಿನಿಂದ ಕಾಗುಣಿತ ಬರೆದು ಬಂದವಳು, ಬಟ್ಟೆ ಒಗೆಯೋ ಕೋಣೆಯಲ್ಲಿ ದೀರ್ಘಕ್ಕೆ ಕೆಂಪು ಗುರುತು ಹಾಕಿಸಿಕೊಂಡೆ.

ಈಗ ಹೇಳಿ, ಇದಕ್ಕೆ ಯಾವ ಪದ? ಹರ್ಮಿತ್ತಾನಾ, ಆ್ಯರ್ಸುತ್ತ್ಯಾನಾ?


ಔಲು ಸೈಕಲ್:

ನೌರತ್ತಾ.